ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು: ಬೆಳೆಯುತ್ತಿರುವ ಮೂರು ಪೇಟೆಗಳು

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲುಗಾಡಿಯು ಸವಣೂರು, ಕರ್ಜಗಿಗಳನ್ನು ದಾಟಿದ ಮೇಲೆ ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಎಂಬ ನಿಲ್ದಾಣಗಳನ್ನು ಒಂದರ ಹಿಂದೊಂದರಂತೆ ಮುಟ್ಟುತ್ತದೆ. ಮೊದಲಿನ ಊರಿಂದ ಕೊನೆಯ ಊರಿಗೆ ಮೂವತ್ತೈದು ಕಿಲೋಮೀಟರಿನಷ್ಟೂ ದೂರವಿಲ್ಲ. ಇದರಲ್ಲಿ ದೇವರಗುಡ್ಡವು ಮಾಲತೇಶನ ಕ್ಷೇತ್ರ, ಜಾತ್ರೆಗೆ ಹೆಸರಾದುದು. ಉಳಿದ ಮೂರೂ ಪೇಟೆಯ ಊರುಗಳು. ಒಂದರಲ್ಲಿ ಸರಕಾರದ ಕಚೇರಿಗಳು ನೆರೆದಿವೆ, ಇನ್ನೊಂದರಲ್ಲಿ ಮೆಣಸಿನಕಾಯಿಯ ರಾಶಿಗಳು ಏಳುತ್ತವೆ, ಮತ್ತೊಂದರಲ್ಲಿ ಬೀಜದ ವ್ಯವಹಾರ ನಡೆಯುತ್ತದೆ. ಇವನ್ನು ಬೇರೆ ಬೇರೆ ಊರುಗಳೆಂದು ನೋಡುವುದು ವಾಡಿಕೆ. ಆದರೆ ಇಲ್ಲಿಯ ಜನರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಒಂದೇ ದೊಡ್ಡ ಪೇಟೆಯು ಮೂರು ಕಡೆ ಹರಡಿಕೊಂಡಂತೆ ತೋರುತ್ತದೆ. ಈ ಊರುಗಳು ಹೇಗೆ ಬೆಳೆದವು, ಏನನ್ನು ನಂಬಿಕೊಂಡು ಬೆಳೆದವು, ಆ ನಂಬಿಕೆ ಎಷ್ಟು ಗಟ್ಟಿಯಾದುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ತಲೆಯೆಣಿಕೆಯನ್ನು ನೋಡೋಣ. ೨೦೦೧ರ ಜನಗಣತಿಯಲ್ಲಿ ಹಾವೇರಿಯ ಜನಸಂಖ್ಯೆ ಸುಮಾರು ೫೬ ಸಾವಿರ, ರಾಣೆಬೆನ್ನೂರಿನದು ಸುಮಾರು ೮೯ ಸಾವಿರದ ೬ ನೂರು, ಬ್ಯಾಡಗಿಯದು ೨೫ ಸಾವಿರಕ್ಕೆ ತುಸು ಮೇಲ್ಪಟ್ಟು ಇದ್ದಿತು. ಹತ್ತು ವರ್ಷಗಳ ಮೇಲೆ, ೨೦೧೧ರಲ್ಲಿ, ಹಾವೇರಿ ೬೭ ಸಾವಿರಕ್ಕೂ, ರಾಣೆಬೆನ್ನೂರು ೧ ಲಕ್ಷ ೬ ಸಾವಿರಕ್ಕೂ, ಬ್ಯಾಡಗಿ ೩೦ ಸಾವಿರಕ್ಕೂ ಏರಿದವು. ಮೂರನ್ನೂ ಕೂಡಿಸಿದರೆ ೧ ಲಕ್ಷ ೭೧ ಸಾವಿರದಿಂದ ೨ ಲಕ್ಷ ೩ ಸಾವಿರಕ್ಕೆ ಏರಿಕೆ. ಅಂದರೆ ಹತ್ತು ವರ್ಷಕ್ಕೆ ನೂರಕ್ಕೆ ಹತ್ತೊಂಬತ್ತರಷ್ಟು. ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿ ಆ ವರ್ಷ ನಡೆಯಲಿಲ್ಲವಾದ್ದರಿಂದ, ಮನೆಮನೆಗೆ ಹೋಗಿ ಎಣಿಸಿದ ಲೆಕ್ಕಕ್ಕೆ ನಾವು ೨೦೧೧ನ್ನೇ ಆಧಾರವಾಗಿಟ್ಟುಕೊಳ್ಳಬೇಕಾಗಿದೆ.

ನಮ್ಮ ಗಣತಿಯ ಪದ್ಧತಿಯಲ್ಲಿ ಒಂದು ಲಕ್ಷ ಜನ ತುಂಬಿದ ಊರು ಮೊದಲನೆಯ ದರ್ಜೆಯ ನಗರವೆನಿಸುತ್ತದೆ. ೨೦೧೧ರ ಎಣಿಕೆಯಲ್ಲಿ ರಾಣೆಬೆನ್ನೂರು ಆ ಗೆರೆಯನ್ನು ದಾಟಿತು. ಜಿಲ್ಲೆಯ ಮುಖ್ಯ ಪಟ್ಟಣವಾದ ಹಾವೇರಿಗಿಂತ ತಾಲೂಕಿನ ಪಟ್ಟಣವಾದ ರಾಣೆಬೆನ್ನೂರು ದೊಡ್ಡದಾಗಿರುವುದು ಗಮನಿಸತಕ್ಕ ವಿಷಯ. ಕಚೇರಿಗಿಂತ ಪೇಟೆಯೇ ಹೆಚ್ಚು ಜನರನ್ನು ಎಳೆಯುತ್ತದೆಯೆಂಬುದಕ್ಕೆ ಇದೊಂದು ನಿದರ್ಶನ.

ಈ ಅಂಕಿಗಳನ್ನು ಸುತ್ತಲಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಅವುಗಳ ಅರ್ಥ ತಿಳಿಯುತ್ತದೆ. ೨೦೦೧ರಿಂದ ೨೦೧೧ರವರೆಗೆ ಕರ್ನಾಟಕದ ಜನಸಂಖ್ಯೆ ನೂರಕ್ಕೆ ಹದಿನೈದೂವರೆಯಷ್ಟು ಬೆಳೆಯಿತು. ಹಾವೇರಿ ಜಿಲ್ಲೆ ಬೆಳೆದುದು ನೂರಕ್ಕೆ ಹನ್ನೊಂದು ಮಾತ್ರ. ಆ ಹನ್ನೊಂದರಲ್ಲಿ ಪಟ್ಟಣಗಳ ಪಾಲನ್ನು ತೆಗೆದಿಟ್ಟರೆ ಹಳ್ಳಿಗಳ ಬೆಳವಣಿಗೆ ಇನ್ನೂ ಕಡಿಮೆ. ಹಳ್ಳಿಯಲ್ಲಿ ಹುಟ್ಟಿದವರೆಲ್ಲ ಹಳ್ಳಿಯಲ್ಲಿ ಉಳಿದಿಲ್ಲ. ಕೆಲವರು ಪಕ್ಕದ ಪೇಟೆಗೆ ಬಂದರು. ಕೆಲವರು ಹುಬ್ಬಳ್ಳಿಗೆ, ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ ಹೋದರು. ಜಿಲ್ಲೆಯ ೧೬ ಲಕ್ಷದಷ್ಟು ಜನರಲ್ಲಿ ಪಟ್ಟಣವಾಸಿಗಳು ನೂರಕ್ಕೆ ಇಪ್ಪತ್ತೆರಡು. ಇಡೀ ರಾಜ್ಯದಲ್ಲಾದರೆ ಮೂವತ್ತೆಂಟಕ್ಕಿಂತ ಹೆಚ್ಚು. ಆ ಇಪ್ಪತ್ತೆರಡರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮ ಈ ಮೂರು ಊರುಗಳಲ್ಲಿಯೇ ಇದ್ದಾರೆ. ಹೀಗಾಗಿ ಜಿಲ್ಲೆಯ ಹಳ್ಳಿಯ ತರುಣನು ದೂರದ ಊರಿಗೆ ಹೋಗದೆ ಹತ್ತಿರದಲ್ಲಿ ದುಡಿಯಬೇಕೆಂದರೆ, ಅವನಿಗೆ ಆಸರೆಯಾಗತಕ್ಕ ಸ್ಥಳಗಳು ಮುಖ್ಯವಾಗಿ ಇವೇ.

ಆದರೆ ಗಣತಿಯ ಲೆಕ್ಕಕ್ಕೂ ಒಂದು ಮಿತಿಯುಂಟು. ಗಣತಿಯವರು ಎಣಿಸುವುದು ಮನುಷ್ಯ ಎಲ್ಲಿ ವಾಸವಾಗಿದ್ದಾನೆಂಬುದನ್ನು. ಹಗಲು ಎಲ್ಲಿ ದುಡಿಯುತ್ತಾನೆಂಬುದನ್ನು ನೋಡಿ ಊರಿನ ಗಾತ್ರವನ್ನು ಅಳೆಯುವುದಿಲ್ಲ. ಸುಗ್ಗಿಯ ಕಾಲದ ಸೋಮವಾರ, ಗುರುವಾರಗಳಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ನೆರೆಯುವ ರೈತರು, ಲಾರಿಯವರು, ಹಮಾಲರು, ದಲಾಲರು, ತೊಟ್ಟು ಬಿಡಿಸುವ ಹೆಂಗಸರು ಇವರಲ್ಲಿ ಎಷ್ಟೋ ಮಂದಿ ಸಂಜೆಗೆ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತಾರೆ. ಬ್ಯಾಡಗಿಯ ೩೦ ಸಾವಿರದ ಲೆಕ್ಕದಲ್ಲಿ ಅವರಿಲ್ಲ. ಆದರೆ ಅವರಿಲ್ಲದೆ ಬ್ಯಾಡಗಿಯೂ ಇಲ್ಲ.

ಅಮೆರಿಕದಲ್ಲಿ ಈ ತೊಡಕಿಗೆ ಒಂದು ಉಪಾಯ ಮಾಡಿದ್ದಾರೆ. ಅಲ್ಲಿ ನಡುವಿನ ಪಟ್ಟಣವನ್ನು ಮಾತ್ರವಲ್ಲದೆ, ಸುತ್ತಲಿನ ಯಾವ ಭಾಗದಿಂದ ದುಡಿಯುವವರಲ್ಲಿ ಕಾಲುಪಾಲಿಗೆ ಕಡಿಮೆಯಿಲ್ಲದಷ್ಟು ಜನ ದಿನವೂ ಆ ಪಟ್ಟಣದ ಕಡೆಗೆ ಕೆಲಸಕ್ಕೆ ಹೋಗಿಬರುತ್ತಾರೋ ಆ ಭಾಗವನ್ನೂ ಸೇರಿಸಿಕೊಂಡು, ಅದೆಲ್ಲವನ್ನೂ ಒಂದೇ ನಗರಪ್ರದೇಶವೆಂದು ಎಣಿಸುತ್ತಾರೆ. ನಮ್ಮ ಸಂವಿಧಾನದ ಪ್ರಕಾರ ಮಹಾನಗರ ಪ್ರದೇಶವೆನ್ನಿಸಿಕೊಳ್ಳಬೇಕಾದರೆ ಹತ್ತು ಲಕ್ಷ ಜನ ಬೇಕು. ಹುಬ್ಬಳ್ಳಿ-ಧಾರವಾಡವೇ ೨೦೧೧ರಲ್ಲಿ ಒಂಬತ್ತು ಲಕ್ಷ ನಲವತ್ತು ಸಾವಿರದ ಆಸುಪಾಸಿನಲ್ಲಿ ನಿಂತಿತ್ತು. ಆದುದರಿಂದ ಹಾವೇರಿಯ ಸೀಮೆಗೆ ಮಹಾನಗರವೆಂಬ ಹೆಸರು ಸಲ್ಲದು. ಹೆಸರು ಸಲ್ಲದಿದ್ದರೂ ಕೆಲಸದ ಎಳೆಗಳು ಮೂರೂ ಊರುಗಳನ್ನು, ಸುತ್ತಲಿನ ಹಳ್ಳಿಗಳನ್ನು ಒಟ್ಟಿಗೆ ಹೆಣೆದಿರುವುದು ಸುಳ್ಳಲ್ಲ. ಈಗ ಒಂದೊಂದು ಊರಿನ ಕಸುಬನ್ನು ಬೇರೆಯಾಗಿ ನೋಡೋಣ.

ಹಾವೇರಿ ಹಳೆಯ ಊರು. ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯವೂ ಅಲ್ಲಿಯ ಶಾಸನಗಳೂ ಅದಕ್ಕೆ ಸಾಕ್ಷಿ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಎಡೆಯಲ್ಲಿ ಇರುವುದರಿಂದ, ಘಟ್ಟದ ಕಡೆಯ ಸರಕು ಬಯಲಿಗೆ ಇಳಿಯುವ ದಾರಿ ಇದಾಗಿತ್ತು. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿ ತೊಳೆದು, ಬಣ್ಣ ತಿಳಿಯಾಗುವಂತೆ ಹದಗೊಳಿಸಿ ಬೇರೆ ಕಡೆಗೆ ಕಳಿಸುವ ವ್ಯಾಪಾರ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಏಲಕ್ಕಿ ಹಾವೇರಿಯ ಹೊಲದಲ್ಲಿ ಬೆಳೆಯುವುದಲ್ಲ. ಬೇರೆಡೆ ಬೆಳೆದುದಕ್ಕೆ ಇಲ್ಲಿಯ ಕೈಗಳು ಬೆಲೆ ಹೆಚ್ಚಿಸುತ್ತಿದ್ದವು. ಆ ವ್ಯಾಪಾರದ ನೆನಪಾಗಿ ಉಳಿದುಬಂದಿರುವುದು ಏಲಕ್ಕಿ ಮಾಲೆ. ಕಾಯಿಗಳನ್ನು ಒಂದೊಂದಾಗಿ ಪೋಣಿಸಿ, ರೇಶಿಮೆಯ ದಾರ, ಜರಿ, ಮಣಿಗಳಿಂದ ಸಿಂಗರಿಸಿದ ಈ ಮಾಲೆಯನ್ನು ಸಭೆ ಸಮಾರಂಭಗಳಲ್ಲಿ ಅತಿಥಿಗಳಿಗೆ ಹಾಕುವುದು ನಾಡಿಗೆಲ್ಲ ಪರಿಚಿತ. ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ಪತ್ರಿಕೆಗಳೆಲ್ಲ ಇದನ್ನು ಏಲಕ್ಕಿ ಕಂಪಿನ ಊರೆಂದೇ ಕರೆದವು.

ಹಾವೇರಿಯ ಭಾಗ್ಯ ಬದಲಾದುದು ೧೯೯೭ರ ಆಗಸ್ಟ್ ೨೪ರಂದು. ಅಂದು ಹಳೆಯ ಧಾರವಾಡ ಜಿಲ್ಲೆಯ ದಕ್ಷಿಣದ ತಾಲೂಕುಗಳು ಬೇರ್ಪಟ್ಟು ಹಾವೇರಿ ಜಿಲ್ಲೆಯಾದವು. ಅಲ್ಲಿಯವರೆಗೆ ರಾಣೆಬೆನ್ನೂರಿನ ರೈತನು ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಹುಬ್ಬಳ್ಳಿಯನ್ನೂ ದಾಟಿ ಧಾರವಾಡದವರೆಗೆ ಹೋಗಬೇಕಾಗಿತ್ತು. ಒಂದು ಕಾಗದದ ಸಲುವಾಗಿ ಒಂದು ದಿನದ ಕೂಲಿ ಹೋಗುತ್ತಿತ್ತು. ಜಿಲ್ಲೆ ಆದ ಮೇಲೆ ಕಚೇರಿಗಳು ಬಂದವು, ನ್ಯಾಯಾಲಯ ಬಂದಿತು, ದೊಡ್ಡ ದವಾಖಾನೆ ಬಂದಿತು, ಎಂಜಿನಿಯರಿಂಗ್ ಕಾಲೇಜು ಬಂದಿತು, ಈಚೆಗೆ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿತು. ನೌಕರರು ಬಂದರು; ಅವರಿಗೆ ಮನೆ ಬೇಕಾಯಿತು; ಮನೆಗೆ ಇಟ್ಟಿಗೆ, ಮರಳು, ಗೌಂಡಿ, ಬಡಗಿ ಬೇಕಾದರು; ಅವರೆಲ್ಲರಿಗೆ ಖಾನಾವಳಿ, ಕಿರಾಣಿ ಅಂಗಡಿ ಬೇಕಾದವು. ತಿಂಗಳು ತಿಂಗಳಿಗೆ ತಪ್ಪದೆ ಬರುವ ಸಂಬಳದ ಹಣ ಪೇಟೆಗೆ ಒಂದು ಸ್ಥಿರತೆಯನ್ನು ಕೊಡುತ್ತದೆ. ಮಳೆ ಹೋದರೂ ಬೆಲೆ ಬಿದ್ದರೂ ಆ ಹಣ ನಿಲ್ಲುವುದಿಲ್ಲ. ಹಾವೇರಿಯು ಮೂರು ಊರುಗಳಲ್ಲಿ ತುಸು ಹೆಚ್ಚಿನ ವೇಗದಿಂದ, ಹತ್ತು ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ, ಬೆಳೆಯಲು ಇದೂ ಒಂದು ಕಾರಣವಾಗಿರಬೇಕು.

ಇನ್ನು ಬ್ಯಾಡಗಿ. ಹೆದ್ದಾರಿಯಿಂದ ಮೋಟೆಬೆನ್ನೂರಿನ ಬಳಿ ಒಳಕ್ಕೆ ತಿರುಗಿದರೆ ಸಿಗುವ ಈ ಸಣ್ಣ ಊರಿನ ಹೆಸರು ನಮ್ಮ ಅಡಿಗೆಮನೆಗಳಲ್ಲೆಲ್ಲ ಕೇಳಿಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಗುಣ ಎರಡು: ಬಣ್ಣ ಬಹಳ, ಖಾರ ಕಡಿಮೆ. ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಕಡುಗೆಂಪು ಬಣ್ಣ ಮಾತ್ರ ಉಳಿಯುತ್ತದೆ. ಇದರಲ್ಲಿ ಡಬ್ಬಿ ಮತ್ತು ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಾರು, ಹುಳಿ, ಚಟ್ನಿಗಳಿಗೆ ಕೆಂಪು ಕೊಡುವುದಷ್ಟೇ ಇದರ ಕೆಲಸವಲ್ಲ. ತೊಟ್ಟು ತೆಗೆದ ಕಾಯಿಯನ್ನು ಪುಡಿಮಾಡಿ, ಅದರ ಸಾರವನ್ನು ದ್ರಾವಕದಿಂದ ಹಿಂಡಿ ತೆಗೆದರೆ ಓಲಿಯೋರೆಸಿನ್ ಎಂಬ ಗಟ್ಟಿಯಾದ ಕೆಂಪು ಎಣ್ಣೆ ದೊರೆಯುತ್ತದೆ. ತಿಂಡಿ ತಿನಿಸುಗಳಿಗೆ, ತುಟಿಗೆ ಹಚ್ಚುವ ಬಣ್ಣಕ್ಕೆ ಸಹಜವಾದ ರಂಗು ಬೇಕೆನ್ನುವ ಕಾರಖಾನೆಗಳು ಅದನ್ನು ಕೊಳ್ಳುತ್ತವೆ. ಹೀಗೆ ನಮ್ಮ ಸೀಮೆಯ ಕಾಯಿ ಎಣ್ಣೆಯ ರೂಪದಲ್ಲಿ ಸಮುದ್ರವನ್ನು ದಾಟುತ್ತದೆ.

ಬ್ಯಾಡಗಿಗೆ ಬರುವ ಕಾಯಿಯೆಲ್ಲ ಬ್ಯಾಡಗಿಯ ಸುತ್ತ ಬೆಳೆದದ್ದೇ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ರೋಗದ ಕಾಟ, ಮಳೆಯ ಏರುಪೇರುಗಳಿಂದ ಬೇಸತ್ತು ಇಲ್ಲಿಯ ಅನೇಕ ರೈತರು ಮೆಣಸಿನಕಾಯಿಯನ್ನು ಬಿಟ್ಟು ಗೋವಿನಜೋಳಕ್ಕೆ ತಿರುಗಿದರು. ಈಗ ಮಾರುಕಟ್ಟೆಗೆ ಬರುವ ಕಾಯಿಯ ಬಹುಪಾಲು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ, ಆಂಧ್ರದ ಕರ್ನೂಲು ಸೀಮೆಯಿಂದ ಲಾರಿಗಳಲ್ಲಿ ಬರುತ್ತದೆ. ಅಷ್ಟು ದೂರದ ರೈತನು ಇಲ್ಲಿಗೇ ಏಕೆ ಬರಬೇಕು? ಕೊಳ್ಳುವವರು ಇಲ್ಲಿ ನೆರೆದಿರುವುದರಿಂದ. ಮಸಾಲೆ ಪುಡಿಯ ಕಂಪನಿಯವರು, ಎಣ್ಣೆ ತೆಗೆಯುವ ಕಾರಖಾನೆಯವರು, ದೂರದ ಪೇಟೆಗಳ ವ್ಯಾಪಾರಿಗಳು ಎಲ್ಲರೂ ಒಂದೇ ದಿನ ಒಂದೇ ಅಂಗಳದಲ್ಲಿ ಟೆಂಡರು ಹಾಕುತ್ತಾರೆ. ಕೊಳ್ಳುವವರು ಹೆಚ್ಚಾದಲ್ಲಿ ಮಾರುವವರು ಬರುತ್ತಾರೆ. ಮಾರುವವರು ಹೆಚ್ಚಾದಲ್ಲಿ ಕೊಳ್ಳುವವರು ಬರುತ್ತಾರೆ. ಏಲಕ್ಕಿಯಿಂದ ಹಾವೇರಿ ಬಾಳಿದ ಹಾಗೆ, ಬೇರೆಯವರ ಹೊಲದ ಬೆಳೆಯಿಂದ ಬ್ಯಾಡಗಿ ಬಾಳುತ್ತಿದೆ.

ಒಂದು ಚೀಲ ಮೆಣಸಿನಕಾಯಿ ಎಷ್ಟು ಕೈಗಳನ್ನು ದಾಟುತ್ತದೆಂದು ನೋಡಿದರೆ ಪಟ್ಟಣದ ಅರ್ಥಶಾಸ್ತ್ರವೇ ತಿಳಿಯುತ್ತದೆ. ಲಾರಿಯಿಂದ ಇಳಿಸಲು ಹಮಾಲರು. ಸುರಿದು, ಹಸನುಮಾಡಿ, ತೂಗಲು ತೂಕದವರು. ರೈತನ ಪರವಾಗಿ ಮಾರಿಕೊಟ್ಟು, ಬೇಕಾದಾಗ ಮುಂಗಡ ಕೊಡುವ ಅಡತಿ ಅಂಗಡಿಯವರು. ಲೆಕ್ಕ ಬರೆಯುವ ಗುಮಾಸ್ತರು. ಕೊಂಡ ಮೇಲೆ ತೊಟ್ಟು ಬಿಡಿಸುವ ಹೆಂಗಸರು. ಕಾಯಿಯ ಬಣ್ಣ ಮಾಸದಂತೆ ತಂಪಿನಲ್ಲಿರಿಸುವ ಶೀತಲಗೃಹಗಳು. ಪುಡಿ ಮಾಡುವ ಗಿರಣಿಗಳು. ಇವರೆಲ್ಲರಿಗೆ ಚಹಾ, ಊಟ ಒದಗಿಸುವವರು. ಇದರಲ್ಲಿ ಹೆಚ್ಚು ಕೈಗಳು ಬೇಕಾಗುವುದು ತೊಟ್ಟು ಬಿಡಿಸುವುದಕ್ಕೆ. ನೆರಳಿನಲ್ಲಿ ಸಾಲಾಗಿ ಕುಳಿತ ಹೆಂಗಸರು ದಿನವೆಲ್ಲ ಈ ಕೆಲಸ ಮಾಡುತ್ತಾರೆ. ಎಷ್ಟು ತೂಕದ ಕಾಯಿ ಬಿಡಿಸಿದರೋ ಅಷ್ಟಕ್ಕೆ ಕೂಲಿ. ಬೆರಳು ಉರಿಯುತ್ತದೆ, ಘಾಟಿಗೆ ಕೆಮ್ಮು ಬರುತ್ತದೆ. ಸುಗ್ಗಿ ಮುಗಿದರೆ ಕೆಲಸವೂ ತೆಳುವಾಗುತ್ತದೆ. ಬ್ಯಾಡಗಿಯ ವಹಿವಾಟು ಎಷ್ಟು ಕೋಟಿಯೆಂದು ಕೇಳುವಾಗ, ಆ ಸಾಲಿನಲ್ಲಿ ಕುಳಿತವಳ ಕೈಗೆ ಬಂದುದೆಷ್ಟು ಎಂಬುದನ್ನೂ ಕೇಳತಕ್ಕದ್ದು.

ರಾಣೆಬೆನ್ನೂರಿನ ಮಾತು ಬೇರೆ. ದನದ ಸಂತೆ, ಹತ್ತಿ, ಕಾಳುಕಡಿ, ಕುರಿ, ಕಂಬಳಿ ಇವು ಅಲ್ಲಿಯ ಹಳೆಯ ವ್ಯಾಪಾರಗಳು. ಅದಕ್ಕೆ ಹೊಸ ಹೆಸರು ತಂದುಕೊಟ್ಟುದು ಬೀಜ. ೧೯೭೨ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ಬಂದ ಉದ್ದ ಎಳೆಯ ತಳಿ ಅದು. ಸಂಕರಣ ಬೀಜದ ಒಂದು ಗುಣವೆಂದರೆ, ಅದರಿಂದ ಬಂದ ಬೆಳೆಯ ಬೀಜವನ್ನು ಮರುವರ್ಷ ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ. ಪ್ರತಿವರ್ಷವೂ ಹೊಸ ಬೀಜವನ್ನೇ ಕೊಳ್ಳಬೇಕು. ಹಾಗಾದರೆ ಯಾರಾದರೂ ಪ್ರತಿವರ್ಷವೂ ಆ ಬೀಜವನ್ನು ಮಾಡಿಕೊಡಲೇಬೇಕು. ಆ ಕೆಲಸಕ್ಕೆ ರಾಣೆಬೆನ್ನೂರಿನ ಸುತ್ತಲಿನ ಹೊಲಗಳು ಒಗ್ಗಿದವು. ಹತ್ತಿಯ ನಂತರ ಟೊಮೆಟೊ, ಮೆಣಸಿನಕಾಯಿ ಮೊದಲಾದ ತರಕಾರಿಗಳ ಬೀಜವೂ ಇಲ್ಲಿ ತಯಾರಾಗತೊಡಗಿತು.

ಈ ಕೆಲಸ ಯಂತ್ರದಿಂದ ಆಗುವುದಲ್ಲ, ಬೆರಳಿನಿಂದ ಆಗುವುದು. ನಾಳೆ ಅರಳತಕ್ಕ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಅದರೊಳಗಿನ ಗಂಡುಭಾಗವನ್ನು ಮೆಲ್ಲನೆ ತೆಗೆದುಹಾಕಬೇಕು. ಮರುದಿನ ಮುಂಜಾನೆ ಇನ್ನೊಂದು ಸಾಲಿನ ಗಂಡುಗಿಡದ ಹೂವಿನ ಪರಾಗವನ್ನು ತಂದು ಅದಕ್ಕೆ ಮುಟ್ಟಿಸಬೇಕು. ಬಿಸಿಲೇರುವ ಮೊದಲು ಮುಗಿಯಬೇಕು. ಒಂದು ಹೂವು ತಪ್ಪಿ ತಾನೇ ಫಲಿಸಿದರೂ ಬೀಜದ ಶುದ್ಧಿ ಕೆಡುತ್ತದೆ. ಈ ಕೆಲಸವನ್ನು ಮಾಡುವವರೂ ಹೆಚ್ಚಾಗಿ ಹೆಂಗಸರೇ. ಮೂಲ ಬೀಜವನ್ನು ಕಂಪನಿಯವರು ಕೊಡುತ್ತಾರೆ. ಹೊಲ, ನೀರು, ಕೂಲಿ ರೈತನವು. ಬಂದ ಬೀಜವನ್ನು ಕಂಪನಿಯವರು ಒಯ್ದು, ಮೊಳಕೆ ಒಡೆಯುವುದೇ, ತಳಿ ಶುದ್ಧವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಗೆದ್ದ ಮೇಲೆ ಹಣ. ಪರೀಕ್ಷೆಗೆ ತಿಂಗಳುಗಳು ಹಿಡಿಯುತ್ತವೆ. ಬೀಜ ಸೋತರೆ ನಷ್ಟದ ದೊಡ್ಡ ಪಾಲು ರೈತನ ಮೇಲೆಯೇ ಬೀಳುತ್ತದೆ. ಗೆದ್ದರೆ ಅದೇ ಹೊಲದಲ್ಲಿ ಗೋವಿನಜೋಳದಿಂದ ಬರುವುದಕ್ಕಿಂತ ಬಹಳ ಹೆಚ್ಚಿನ ಹುಟ್ಟುವಳಿ. ಆದುದರಿಂದಲೇ ಒಂದು ಎಕರೆಗಿಂತ ಕಡಿಮೆ ಭೂಮಿಯುಳ್ಳವರೂ ಇದಕ್ಕೆ ಕೈಹಾಕುತ್ತಾರೆ.

ರಾಣೆಬೆನ್ನೂರು ತಾಲೂಕಿನ ದಕ್ಷಿಣದ ಅಂಚಿನಲ್ಲಿ, ಹರಿಹರದ ಎದುರು ದಂಡೆಗೆ, ತುಂಗಭದ್ರೆಯ ಬಳಿ ಕುಮಾರಪಟ್ಟಣವಿದೆ. ಅಲ್ಲಿ ೧೯೭೦ರ ದಶಕದಲ್ಲಿ ಕಟ್ಟಿಗೆಯ ತಿರುಳಿನಿಂದ ನಾರು ತೆಗೆಯುವ ದೊಡ್ಡ ಕಾರಖಾನೆ ಬಂದಿತು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಅದರ ಜೊತೆಗೇ ಹೊಳೆಯ ನೀರು ಕೆಡುತ್ತಿದೆಯೆಂದು ದಂಡೆಯ ಹಳ್ಳಿಗಳವರು ೧೯೮೦ರ ದಶಕದಲ್ಲಿ ಚಳವಳಿ ಹೂಡಬೇಕಾಯಿತು. ರಾಣೆಬೆನ್ನೂರು, ಹಾವೇರಿಗಳು ಕುಡಿಯುವ ನೀರಿಗೆ ನಂಬಿಕೊಂಡಿರುವುದೂ ಅದೇ ಹೊಳೆಯನ್ನೇ. ಉದ್ಯೋಗ ಕೊಡುವ ಹೊಳೆಯೂ ಬಾಯಾರಿಕೆ ತಣಿಸುವ ಹೊಳೆಯೂ ಒಂದೇ ಆಗಿರುವಾಗ, ಎರಡನ್ನೂ ಕಾಯುವ ಹೊಣೆ ಯಾವುದೋ ಒಂದು ಊರಿನದಾಗಿ ಉಳಿಯುವುದಿಲ್ಲ.

ಈ ಮೂರು ಊರುಗಳ ಕೆಳಗೆ ಇರುವ ನೆಲವನ್ನೂ ಒಂದಿಷ್ಟು ನೋಡಬೇಕು. ಜಿಲ್ಲೆಯ ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ಪೂರ್ವಕ್ಕೆ ಎರೆನೆಲ, ನಡುವೆ ಮಸಾರಿ. ಮೊದಲು ಬಿಳಿಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಳೆದ ಮೂರು ದಶಕಗಳಿಂದ ಗೋವಿನಜೋಳ ಹಬ್ಬಿದೆ. ರಾಜ್ಯದಲ್ಲಿ ಗೋವಿನಜೋಳವನ್ನು ಅತಿ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಒಂದು. ಈ ಕಾಳು ಮುಖ್ಯವಾಗಿ ನಮ್ಮ ಊಟಕ್ಕಲ್ಲ. ಕೋಳಿಯ ಮೇವಿಗೆ, ಪಿಷ್ಟದ ಕಾರಖಾನೆಗೆ, ಈಚೆಗೆ ಮದ್ಯಸಾರದ ತಯಾರಿಕೆಗೆ ಹೋಗುತ್ತದೆ. ಬೆಳೆಯುವುದು ಸುಲಭ, ಕೂಲಿ ಕಡಿಮೆ. ಆದರೆ ಹೊಲದಲ್ಲಿ ಕೂಲಿ ಕಡಿಮೆಯಾದಷ್ಟೂ ಕೂಲಿಯವರು ಪೇಟೆಯ ದಾರಿ ಹಿಡಿಯಬೇಕಾಗುತ್ತದೆ. ಪೇಟೆಯ ಜನಸಂಖ್ಯೆ ಏರುವುದಕ್ಕೂ ಹೊಲದ ಬೆಳೆ ಬದಲಾಗುವುದಕ್ಕೂ ಹೀಗೆ ಸಂಬಂಧವುಂಟು.

ಜೋಳವೂ ಬೀಜವೂ ಕೂಡಿ ಒಂದು ನಗರವನ್ನು ಬೆಳೆಸಿದ ಉದಾಹರಣೆಯೊಂದು ದೂರದ ಅಮೆರಿಕದ ನಡುನಾಡಿನಲ್ಲಿದೆ. ಅಯೋವಾ ಸಂಸ್ಥಾನವು ಆ ದೇಶದಲ್ಲಿ ಗೋವಿನಜೋಳದ ಬೆಳೆಗೆ ಮೊದಲನೆಯ ಸಾಲಿನದು. ಡೆಮಾಯ್ನ್ ಅದರ ರಾಜಧಾನಿ. ಅಲ್ಲಿ ೧೯೨೬ರಲ್ಲಿ ಹೆನ್ರಿ ವ್ಯಾಲೇಸ್ ಎಂಬವರು ಸಂಕರಣ ಜೋಳದ ಬೀಜದ ಕಂಪನಿಯೊಂದನ್ನು ಆರಂಭಿಸಿದರು. ಅವರೇ ಮುಂದೆ ಅಮೆರಿಕದ ಉಪಾಧ್ಯಕ್ಷರಾದರು. ೨೦೨೦ರ ಗಣತಿಯಲ್ಲಿ ಡೆಮಾಯ್ನ್ ಪಟ್ಟಣದ ಜನಸಂಖ್ಯೆ ೨ ಲಕ್ಷ ೧೪ ಸಾವಿರ. ನಮ್ಮ ಮೂರು ಊರುಗಳನ್ನು ಕೂಡಿಸಿದರೆ ೨೦೧೧ರಲ್ಲಿಯೇ ಹೆಚ್ಚುಕಡಿಮೆ ಅಷ್ಟು ಜನರಿದ್ದರು! ಆದರೆ ಸುತ್ತಲಿನ ಊರುಗಳನ್ನು ಸೇರಿಸಿದ ಡೆಮಾಯ್ನ್ ನಗರಪ್ರದೇಶದಲ್ಲಿ ೭ ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದಾರೆ. ಅದು ಇನ್ನೂ ಬೆಳೆಯುತ್ತಲೇ ಇದೆ.

ಎರಡು ಸೀಮೆಗಳ ಸಂಪತ್ತನ್ನು ಹೋಲಿಸುವುದು ಇಲ್ಲಿಯ ಉದ್ದೇಶವಲ್ಲ. ಬೆಳವಣಿಗೆಯ ಬಗೆಯನ್ನು ನೋಡುವುದಷ್ಟೇ ಉದ್ದೇಶ. ಅಲ್ಲಿ ಬೀಜವನ್ನು ಬೆಳೆಸುವುದರ ಜೊತೆಗೆ ಬೀಜದ ಸಂಶೋಧನೆಯೂ ಅದೇ ಸೀಮೆಯಲ್ಲಿ ನಡೆಯಿತು. ಬೀಜದ ಕಂಪನಿಯ ಮುಖ್ಯ ಕಚೇರಿ ಅಲ್ಲಿಯೇ ಇದ್ದಿತು. ಹತ್ತೊಂಬತ್ತನೆಯ ಶತಮಾನದಿಂದಲೇ ಅಲ್ಲಿ ವಿಮಾ ಕಂಪನಿಗಳು ನೆಲೆಯೂರಿದ್ದವು. ಹೀಗಾಗಿ ಆ ನಗರ ಜೋಳದ ಬೆಲೆಯೊಂದನ್ನೇ ನೆಚ್ಚಿ ಕೂರಲಿಲ್ಲ. ನಮ್ಮಲ್ಲಾದರೆ ರಾಣೆಬೆನ್ನೂರಿನ ಹೊಲದಲ್ಲಿ ಬೆರಳುಗಳು ಬೀಜ ಮಾಡುತ್ತವೆ. ಅದರ ಮೂಲ ತಳಿ, ಅದರ ಹೆಸರು, ಅದರ ಲಾಭದ ಹೆಚ್ಚಿನ ಪಾಲು ಬೇರೆ ಊರುಗಳಲ್ಲಿವೆ. ಬ್ಯಾಡಗಿಯ ಕಾಯಿಗೆ ಬ್ಯಾಡಗಿಯ ಹೆಸರಿದೆ. ಅದರ ಎಣ್ಣೆಯ ಬಹುಭಾಗ ಕೇರಳದ ಕಡೆಯ ಕಾರಖಾನೆಗಳಲ್ಲಿ ತಯಾರಾಗುತ್ತದೆ. ಸರಕು ಊರಿನ ಮೂಲಕ ಹಾದುಹೋಗುವುದು ಒಂದು ಲಾಭ. ಸರಕಿನ ಬೆಲೆ ಊರಿನಲ್ಲಿಯೇ ಏರುವುದು ಅದಕ್ಕಿಂತ ದೊಡ್ಡ ಲಾಭ.

ಹಾದುಹೋಗುವ ಸರಕನ್ನೇ ನಂಬಿದ ಪೇಟೆಯ ಕಷ್ಟ ಎಂತಹದೆಂಬುದಕ್ಕೆ ಎರಡು ದಿನಗಳನ್ನು ನೆನೆಯಬಹುದು. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಮುಂಗಾರಿನ ಬಿತ್ತನೆಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ತೀರಿಹೋದರು. ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬೆಲೆ ಹಠಾತ್ತನೆ ಕುಸಿದುದನ್ನು ಕಂಡು ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು; ವಾಹನಗಳಿಗೆ ಬೆಂಕಿ ಬಿದ್ದಿತು. ಆ ಎರಡೂ ದಿನಗಳ ಸಂಗತಿಗಳು ಬೇರೆ ಬೇರೆ. ಆದರೆ ಎರಡರಲ್ಲಿಯೂ ಒಂದು ಮಾತು ಸಮಾನ. ಹಳ್ಳಿಯವನು ತನ್ನ ಒಂದು ವರ್ಷದ ಬಾಳನ್ನು ಹೊತ್ತುಕೊಂಡು ಪೇಟೆಗೆ ಬಂದಿದ್ದನು. ಒಮ್ಮೆ ಬಿತ್ತುವುದಕ್ಕೆ ಬೇಕಾದುದು ಸಿಗಲಿಲ್ಲ. ಇನ್ನೊಮ್ಮೆ ಬೆಳೆದುದಕ್ಕೆ ಬೆಲೆ ಸಿಗಲಿಲ್ಲ. ಬೆಂಕಿ ಹಚ್ಚುವುದನ್ನು ಯಾರೂ ಸರಿಯೆನ್ನಲಾರರು. ಆದರೆ ಅಂದು ಬೆಳಿಗ್ಗೆ ನೂರಾರು ಕಿಲೋಮೀಟರು ದೂರದಿಂದ ಚೀಲ ತಂದವನ ಲಾರಿ ಬಾಡಿಗೆಯ ಲೆಕ್ಕ, ಬಡ್ಡಿಯ ಲೆಕ್ಕ ಏನಾಗಿತ್ತೆಂಬುದನ್ನು ಪೇಟೆಯವರು ಯೋಚಿಸದೆ ಇರಲಾಗದು.

ಈ ಊರುಗಳು ಕೂಡಿ ಯೋಚಿಸುವುದಕ್ಕೆ ದಾರಿ ಇಲ್ಲವೆ? ಇದೆ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದು ವಿಧಿಸಿತು. ಪಂಚಾಯತಿಗಳು ತಮ್ಮ ಹಳ್ಳಿಗಳಿಗಾಗಿ ಮಾಡಿದ ಯೋಜನೆ, ನಗರಸಭೆ ಪುರಸಭೆಗಳು ತಮ್ಮ ಪಟ್ಟಣಗಳಿಗಾಗಿ ಮಾಡಿದ ಯೋಜನೆ ಇವೆರಡನ್ನೂ ಹೊಂದಿಸಿ ಜಿಲ್ಲೆಗೆ ಒಂದೇ ಯೋಜನೆ ಮಾಡುವುದು ಅದರ ಕೆಲಸ. ನೀರು, ರಸ್ತೆ, ಕಸದ ವಿಲೇವಾರಿ ಇವೆಲ್ಲ ಒಂದು ಊರಿನ ಗಡಿಯಲ್ಲಿ ನಿಲ್ಲುವ ಮಾತುಗಳಲ್ಲವೆಂದು ಸಂವಿಧಾನವೇ ಒಪ್ಪಿದಂತಾಯಿತು. ಹಾವೇರಿ, ರಾಣೆಬೆನ್ನೂರುಗಳ ನಗರಸಭೆಗಳೂ ಬ್ಯಾಡಗಿಯ ಪುರಸಭೆಯೂ ಆ ವೇದಿಕೆಯಲ್ಲಿ ಒಂದಾಗಿ ಕುಳಿತು ಕೇಳಬಹುದಾದ ಪ್ರಶ್ನೆಗಳು ಹಲವು. ಕೆಲಸಕ್ಕೆ ಬರುವ ಹೆಂಗಸರಿಗೆ ಬೆಳಿಗ್ಗೆ ಸಂಜೆಗೆ ಹೊಂದುವ ಬಸ್ಸುಗಳಿವೆಯೆ? ತೊಟ್ಟು ಬಿಡಿಸುವಲ್ಲಿ ಅವರಿಗೆ ಗಾಳಿ, ನೀರು, ಶೌಚಾಲಯ, ಕೂಸನ್ನು ಮಲಗಿಸುವ ಜಾಗ ಇವೆಯೆ? ಬೀಜದ ಪರೀಕ್ಷೆ ರೈತನ ಕಣ್ಣೆದುರಿಗೆ, ಹತ್ತಿರದಲ್ಲಿಯೇ ನಡೆಯಬಲ್ಲುದೆ? ಹಾವೇರಿಯ ಕಾಲೇಜಿನಲ್ಲಿ ಕಲಿತ ಹುಡುಗನಿಗೆ ರಾಣೆಬೆನ್ನೂರಿನ ಬೀಜದ ಉದ್ಯಮದಲ್ಲಿ, ಬ್ಯಾಡಗಿಯ ಶೀತಲಗೃಹದಲ್ಲಿ ಅವನ ವಿದ್ಯೆಗೆ ತಕ್ಕ ಕೆಲಸವುಂಟೆ?

ಹೆದ್ದಾರಿ ಅಗಲವಾಗಿದೆ; ರೈಲು ಹಳಿ ಅಗಲವಾಗಿದೆ. ಆ ದಾರಿಗಳು ಸರಕನ್ನು ತರುವಷ್ಟೇ ಸುಲಭವಾಗಿ ತರುಣರನ್ನು ಒಯ್ಯುತ್ತವೆ. ಮುಂದಿನ ಗಣತಿಯಲ್ಲಿ ಈ ಮೂರು ಊರುಗಳ ಅಂಕಿ ಏರಿರುತ್ತದೆಂಬುದರಲ್ಲಿ ಸಂದೇಹವಿಲ್ಲ. ನೋಡಬೇಕಾದುದು ಆ ಅಂಕಿಯೊಳಗೆ ಇರುವವರು ಯಾರೆಂಬುದನ್ನು. ಬೇರೆ ಗತಿಯಿಲ್ಲದೆ ಬಂದು ಕೊಟ್ಟಷ್ಟು ಕೂಲಿಗೆ ದುಡಿಯುವವರೇ, ಅಥವಾ ಕಲಿತ ಕಸುಬಿನಿಂದ ನೆಮ್ಮದಿಯಾಗಿ ಮನೆ ಕಟ್ಟಿಕೊಂಡು ನಿಂತವರೇ? ಬೇರೆಯವರ ಬೆಳೆಗೆ ಬೆಲೆ ಕಟ್ಟುವ ವಿದ್ಯೆ ಈ ಊರುಗಳಿಗೆ ಏಲಕ್ಕಿಯ ಕಾಲದಿಂದಲೂ ಗೊತ್ತು. ತಮ್ಮ ಜನರ ದುಡಿಮೆಗೂ ಅದೇ ತಕ್ಕಡಿಯಲ್ಲಿ ಸರಿಯಾದ ಬೆಲೆ ಕಟ್ಟಿಕೊಟ್ಟರೆ, ಹಳ್ಳಿಯಿಂದ ಹೊರಟವನು ಬೆಂಗಳೂರಿನ ಗಾಡಿ ಹತ್ತುವ ಮೊದಲು ಒಮ್ಮೆ ಇಲ್ಲಿಯೇ ಇಳಿದು ನೋಡಿಯಾನು.